ಕಳಲಾವಿ ಹಿಡಿದು ಹೆಣ್ಣು ನೋಡಲು ಹೋದದ್ದು

ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಟಾಂಗಾ ಹತ್ತಿ ಊರ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಒಂದು ಮಾಳ ಸಿಗುತ್ತಿತ್ತು. ಮೊರಂ ಎನ್ನುವ ಗರಸು ನೆಲ, ಬೋಳು ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಕಂಟಿ. ವರ್ಷದ ಎಂಟು ತಿಂಗಳು ಅದನ್ನು ನೋಡಿದವನಿಗೆ, ದೇವರು ಈ ಕಡೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಊಟಕ್ಕೆ ಎದ್ದುಹೋದವನು ಇನ್ನೂ ತಿರುಗಿ ಬಂದಿಲ್ಲ ಎನ್ನಿಸಬೇಕು. ಬೇಸಿಗೆಯಲ್ಲಿ ಅಲ್ಲಿ ನೆರಳೆಂದರೆ ಟಾಂಗಾದ ನೆರಳು ಮಾತ್ರ, ಅದೂ ನಮ್ಮ ಜೊತೆಗೇ ಹೊರಟುಹೋಗುವಂಥದು.

ಆದರೆ ಮೃಗಶಿರ, ಆರಿದ್ರ ಮಳೆಗಳು ತಮ್ಮ ಹೆಸರಿಗೆ ತಕ್ಕಷ್ಟು ಬಿದ್ದ ವರ್ಷ, ಆ ಕಲ್ಲಿನ ಸಂದಿಯಿಂದ ಒಂದು ಹಸಿರು ಬೆರಳು ಮೇಲೆ ಬರುತ್ತಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರುಣಿಸಿದ್ದಲ್ಲ. ತನ್ನ ಕಾಲ ಮೇಲೆ ತಾನು ನಿಲ್ಲುವ ಶಕ್ತಿ ಆ ಬಳ್ಳಿಗೆ ಇಲ್ಲ. ಆದರೆ ಅದರ ಉಪಾಯ ನೋಡಬೇಕು. ಒಂದೊಂದು ಎಲೆಯ ತುದಿಯನ್ನೂ ಕಿರುಬೆರಳಿನಂತೆ ಸುತ್ತಿ ಜಾಲಿಯ ಮುಳ್ಳನ್ನು ಹಿಡಿದುಕೊಂಡು, ಅಂಥ ಮುಳ್ಳಿನವನ ಹೆಗಲ ಮೇಲೆ ಹಳೆಯ ಗೆಳೆಯನಂತೆ ಕೈ ಹಾಕಿ ಮೇಲೇರುತ್ತದೆ. ಶ್ರಾವಣದ ಹೊತ್ತಿಗೆ ಹೂವು. ಆರು ಎಸಳು. ಮುಖ ನೆಲಕ್ಕೆ, ಎಸಳು ಆಕಾಶಕ್ಕೆ. ತಲೆಕೆಳಗಾಗಿ ಹಿಡಿದರೂ ಉರಿ ಮೇಲಕ್ಕೇ ಹೋಗುವ ದೀವಟಿಗೆಯಂತೆ. ಎಸಳಿನ ಅಂಚೆಲ್ಲ ಹೊಸ ಸೀರೆಯ ನೆರಿಗೆಯ ಹಾಗೆ ಅಲೆಯಲೆ. ಅರಳಿದ ದಿನ ಹಳದಿ. ಮರುದಿನ ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಆಮೇಲೆ ಅಡಿಯಿಂದ ಮುಡಿಯವರೆಗೆ ಕೆಂಪೋ ಕೆಂಪು.

ಇದನ್ನು ನಾನು ಭಾವುಕನಾಗಿ ಹೇಳುತ್ತಿಲ್ಲ, ಅಧಿಕಾರವಾಣಿಯಿಂದ ಹೇಳುತ್ತಿದ್ದೇನೆ. ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಆ ವರ್ಷಗಳಲ್ಲಿ ನಾನು ಸೊಲ್ಲಾಪುರದ ಒಂದು ಗಿರಣಿಯಲ್ಲಿ, ನೂಲಿಗೆ ಬಣ್ಣ ಹಾಕುವ ರಂಗಖಾತೆಯಲ್ಲಿದ್ದೆ. ಹಳದಿ ನೂಲನ್ನು ಕೆಂಪು ಮಾಡಬೇಕಾದರೆ ನಮಗೆ ಎರಡು ತೊಟ್ಟಿ ಬಿಸಿನೀರು, ನಾಲ್ಕು ಜನರ ರಟ್ಟೆ, ಒಬ್ಬ ಮುಕಾದಮನ ಬೈಗುಳ ಇಷ್ಟೂ ಬೇಕು. ಇಷ್ಟಾದರೂ ಮೊದಲ ಒಗೆತಕ್ಕೆ ಬಣ್ಣ ಇಳಿದು ಗಿರಾಕಿ ನಮ್ಮ ವಂಶಾವಳಿಯನ್ನು ವಿಚಾರಿಸುವುದು ತಪ್ಪುತ್ತಿರಲಿಲ್ಲ. ಈ ಹೂವು ಅದೇ ಕೆಲಸವನ್ನು ಬಿಸಿಲಿನಲ್ಲಿ, ತಲೆಕೆಳಗಾಗಿ ನೇತಾಡುತ್ತ, ಸದ್ದಿಲ್ಲದೆ ಮಾಡಿ ಮುಗಿಸುತ್ತಿತ್ತು. ನಮ್ಮ ಮೇಲಿನವರಿಗೆ ಇದನ್ನು ತೋರಿಸಿದ್ದರೆ ಹೂವಿಗೆ ಕೆಲಸ ಸಿಗುತ್ತಿತ್ತು, ನನ್ನದು ಹೋಗುತ್ತಿತ್ತು.

ಇದರ ಹೆಸರು ಕಳಲಾವಿ. ನಮ್ಮವ್ವ ಕಳಿಲಾವಿ ಎನ್ನುತ್ತಿದ್ದಳು. ನಮ್ಮ ಕಡೆ ಕಳಿ ಎಂದರೆ ಪುಸ್ತಕದ ಕನ್ನಡದ ಕಳೆ, ಮುಖದ ಮೇಲಿನ ತೇಜಸ್ಸು. ಮರಾಠಿಯಲ್ಲಿ ಲಾವಣೆ ಎಂದರೆ ಹಚ್ಚುವುದು. ದೀಪ ಹಚ್ಚುವುದೂ ಅದೇ, ಬಣ್ಣ ಹಚ್ಚುವುದೂ ಅದೇ. ಒಂದು ಕಾಲು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ ಇಟ್ಟು ನಡೆಯುವುದು ನಮ್ಮವರ ಹುಟ್ಟುಗುಣ. ಆದ್ದರಿಂದ ಅವ್ವ ಅರ್ಥ ಬಿಡಿಸಿ ಹೇಳಿದ್ದಳು: “ಮಾರಿಗಿ ಕಳಿ ಹಚ್ಚತದ ನೋಡಪಾ, ಅದಕ್ಕ ಕಳಿಲಾವಿ.” ಇದರಲ್ಲಿ ಸಂದೇಹಪಡಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಹೂವನ್ನು ನೋಡಿದವರಿಗೆ ಅದು ಸುಳ್ಳೆನ್ನಿಸುವಂತೆಯೂ ಇರಲಿಲ್ಲ.

ಆ ಕಳಿಯೇ ನನ್ನ ಬಾಳಿನ ಕೊರತೆಯಾಗಿತ್ತು. ನನಗೆ ಇಪ್ಪತ್ತೇಳು ದಾಟಿತ್ತು. ನನ್ನ ಓರಗೆಯವರು ಮಕ್ಕಳನ್ನು ಶಾಲೆಗೆ ಹಚ್ಚುತ್ತಿದ್ದರು. ಮೂರು ಮನೆಗಳಲ್ಲಿ ನಾನು ಹೆಣ್ಣು ನೋಡಿದ್ದೆ, ಮೂರು ಮನೆಯವರೂ ನನ್ನನ್ನು ನೋಡಿ, ಒಬ್ಬರನ್ನೊಬ್ಬರು ಕೇಳಿಕೊಂಡವರಂತೆ ಒಂದೇ ವಾಕ್ಯ ಹೇಳಿ ಕಳಿಸಿದ್ದರು: “ಹುಡುಗ ಛಲೋ ಅದಾನ್ರಿ. ಆದ್ರ ಮಾರಿ ಮ್ಯಾಲ ಕಳಿ ಇಲ್ಲ.” ಬಣ್ಣದ ತೊಟ್ಟಿಯ ಹಬೆಯಲ್ಲಿ ಐದು ವರ್ಷ ಬೆಂದ ಮುಖದ ಮೇಲೆ ಬೇರೇನು ಉಳಿದೀತು? ವಧು ಶೋಧನೆಯ ಸೇನಾಪತಿಯಾಗಿದ್ದ ನನ್ನ ಸೋದರಮಾವ ನಾಲ್ಕನೆಯ ದಂಡಯಾತ್ರೆಗೆ ಮೊದಲೇ ಸಾರಿಬಿಟ್ಟಿದ್ದ: “ಇದ ಕಡೀ ಮನಿ. ಇಲ್ಲೂ ಆಗಲಿಲ್ಲಂದ್ರ ನಿನ್ನ ಸಲುವಾಗಿ ನಾ ಮತ್ತ ಚಪ್ಪಲಿ ಮೆಟ್ಟೂದಿಲ್ಲ. ಸನ್ಯಾಸಿ ಆಗ್ತೀಯೋ ಏನಾಗ್ತೀಯೋ, ಆಗು.”

ಆ ಕೊನೆಯ ಮನೆ ಅಕ್ಕಲಕೋಟದಲ್ಲಿತ್ತು. ಶ್ರಾವಣದ ಒಂದು ಬೆಳಿಗ್ಗೆ ಟಾಂಗಾದಲ್ಲಿ ಹೋಗುವಾಗ, ಸರಿಯಾಗಿ ಆ ಮಾಳದ ಎದುರಿಗೆ ಕುದುರೆಯ ಪಟ್ಟಿ ಕಿತ್ತುಹೋಯಿತು. ಟಾಂಗಾದವನು ಅದನ್ನು ಹೊಲಿಯುತ್ತ ಕುಳಿತ. ಮಾವ ಕುಳಿತಲ್ಲೇ ಗೊರಕೆ ಹೊಡೆಯತೊಡಗಿದ. ನಾನು ಇಳಿದು ನೋಡುತ್ತೇನೆ, ಜಾಲಿಯ ಕಂಟಿಯ ತುಂಬ ಕಳಿಲಾವಿ! ತನ್ನ ಕೊರತೆಗೆ ಔಷಧ ದಾರಿಯ ಬದಿಗೇ ನೇತಾಡುತ್ತಿರುವಾಗ ಯಾವ ರೋಗಿ ಸುಮ್ಮನಿದ್ದಾನು?

ಅಲ್ಲಿ ಒಬ್ಬ ಕುರುಬ ಕುರಿ ಮೇಯಿಸುತ್ತಿದ್ದ. ಹಣೆಯ ತುಂಬ ಬೀರಪ್ಪನ ಭಂಡಾರ, ದೇವರ ಅರಿಸಿನ. ನಾನು ಹೂವು ಕೀಳುವುದನ್ನು ನೋಡಿ ನಕ್ಕ.

“ಕುರಿ ಸೈತ ಬಾಯಿ ಹಾಕೂದಿಲ್ಲರಿ ಅದಕ್ಕ. ಇಸಾ.”

“ನಾ ಏನ ತಿನ್ನಾಕ ಒಯ್ಯಾಕತ್ತಿಲ್ಲಪಾ.”

“ಮತ್ತ?”

ಹೆಣ್ಣು ನೋಡಲು ಎಂದು ಹೇಳಲು ನಾಚಿಕೆಯಾಗಿ, “ದೇವರಿಗಿ” ಎಂದೆ. ಆ ಉತ್ತರದಿಂದ ಅವನಿಗೆ ದೇವರ ಬಗೆಗೇ ಕಾಳಜಿಯಾದಂತೆ ಕಂಡಿತು.

ಟಾಂಗಾ ಹೊರಟ ಮೇಲೆ, ಮನೆಯವರಿಗೆ ಹೂವು ಕೊಡುತ್ತ ಆಡಬೇಕಾದ ಮಾತನ್ನು ಮರಾಠಿಯಲ್ಲಿ ಕಟ್ಟತೊಡಗಿದೆ. ಅವರ ಪಡಸಾಲೆಯಲ್ಲಿ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ ಎಂದು ಕೇಳಿದ್ದೆ. ಬೀಗರಾಗುವವರಿಗೆ ಪಡಸಾಲೆಯ ಭಾಷೆಯೇ ಗೌರವ. ಆದರೆ ನನ್ನ ಮರಾಠಿ ಗಿರಣಿಯ ಗದ್ದಲದಲ್ಲಿ ಕೂಗಿ ಕಲಿತದ್ದು. ‘ನೀರು ಬಿಡು’, ‘ನೀರು ನಿಲ್ಲಿಸು’ ಎಂಬ ಎರಡು ವಿಷಯಗಳ ಮೇಲೆ ನಾನು ನಿರರ್ಗಳವಾಗಿ ಮಾತಾಡಬಲ್ಲವನಾಗಿದ್ದೆ. ಮೂರನೆಯ ವಿಷಯಕ್ಕೆ ಅದೇ ಮೊದಲ ಸಲ ಕೈ ಹಾಕಿದ್ದು.

ಒಕ್ಕಲುತನದ ಮನೆ. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಹುಡುಗಿಯ ತಂದೆ ಎದ್ದು ಬರಮಾಡಿಕೊಂಡರು. ಒಂದು ಬದಿಗೆ ಹುಡುಗಿಯ ಆಯಿ, ಅಂದರೆ ತಂದೆಯ ತಾಯಿ, ಗೋಡೆಗೆ ಒರಗಿ ಅಡಕೆ ಕತ್ತರಿಸುತ್ತಿದ್ದಳು. ಇನ್ನೊಂದು ಬದಿಗೆ ಅತ್ತಿ, ತಂದೆಯ ಅಕ್ಕ. ವರಪರೀಕ್ಷೆಗೆಂದೇ ಗಂಡನ ಮನೆಯಿಂದ ಕರೆಸಿಕೊಂಡವಳೆಂದು ಅವಳು ಕುಳಿತ ಠೀವಿಯಿಂದಲೇ ತಿಳಿಯುತ್ತಿತ್ತು. ನಾನು ನೇರವಾಗಿ ಅತ್ತಿಯ ಮುಂದೆ ನಿಂತು, ಹೂವು ಮುಂದೆ ಚಾಚಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಗಟ್ಟಿಯಾಗಿ ಒಪ್ಪಿಸಿದೆ:

“ತುಮಚ್ಯಾ ಘರಾತ್ ಕಳ ಲಾವಾಯಲಾ ಆಣಲಂಯ.”

ನನ್ನ ಪ್ರಕಾರ ಇದರ ಅರ್ಥ, ನಿಮ್ಮ ಮನೆಗೆ ಕಳೆ ಹಚ್ಚಲಿಕ್ಕೆ ತಂದಿದ್ದೇನೆ ಎಂದು. ಮರಾಠಿ ಬಲ್ಲ ಉಳಿದ ಸಮಸ್ತರ ಪ್ರಕಾರ, ನಿಮ್ಮ ಮನೆಯಲ್ಲಿ ಜಗಳ ಹಚ್ಚಲಿಕ್ಕೆ ತಂದಿದ್ದೇನೆ ಎಂದು.

ಅತ್ತಿ ಹೂವನ್ನು ಮುಟ್ಟಲಿಲ್ಲ. “ಅಗಬಾಯಿ!” ಎಂದು ಹಿಂದೆ ಸರಿದು ತಮ್ಮನ ಕಡೆ ತಿರುಗಿ ಕನ್ನಡಕ್ಕೆ ಇಳಿದಳು. “ಕೇಳಿದಿಲ್ಲೋ? ಇನ್ನಾ ಕುಂತಿಲ್ಲ, ನಿಂತಿಲ್ಲ, ಜಗಳಾ ಹಚ್ಚಾಕ ಬಂದೀನಿ ಅಂತ ಬಾಯಿಬಿಟ್ಟ ಹೇಳಾಕತ್ತ್ಯಾನ. ಇಷ್ಟ ಖರೇ ಮಾತಾಡೂ ವರಾ ನಾ ಎಲ್ಲೂ ನೋಡಿಲ್ಲ. ಕಳಲಾವಿ ಮನ್ಯಾಗ ಬಂದ್ರ ಮನಿ ಒಡೀತದ.”

ಆಯಿ ಅಡಕೊತ್ತು ಕೆಳಗಿಟ್ಟಳು. “ಜಗಳಾ ಅಂತ ಯಾರಂದ್ರ ನಿನಗ? ಕಳ ಅಂದ್ರ ಹಡಿಯೂ ಬ್ಯಾನಿ. ಬ್ಯಾನಿ ಹಚ್ಚೂದಕ್ಕ ಕಳಲಾವಿ.”

“ಬ್ಯಾನಿ ಅಲ್ಲವ್ವಾ, ಜಗಳ. ಓಣ್ಯಾಗ ಯಾರನ್ನರ ಕೇಳು.”

“ಓಣ್ಯಾಗ ಯಾಕ ಕೇಳ್ಲಿ? ನಿನ್ನ ಹಡಿಯೂವಾಗ ಎರಡ ದಿನಾ ಒದ್ದಾಡೀನಿ. ಇದರ ಗಡ್ಡಿ ತೇದು ಅಂಗಾಲಿಗಿ ಹಚ್ಚಿದ ಮ್ಯಾಲ ನೀ ಹೊರಗ ಬಂದಿ. ಅವತ್ತ ತೆಗೆದ ಬಾಯಿ ಇವತ್ತಿಗೂ ಮುಚ್ಚಿಲ್ಲ.”

“ಹಂಗಾರ ಗಡ್ಡೀ ಕೂಡ ಜಗಳಾನೂ ಬಂತಲ್ಲ! ನಾ ಹೇಳಿದ್ದ ಖರೇ ಆತು.”

ಮಾವ ತನ್ನ ರಾಜನೀತಿಯನ್ನು ಬಳಸಲು ಇದೇ ಹೊತ್ತೆಂದು ಭಾವಿಸಿದ. “ಹಂಗಲ್ಲರಿ. ನಮ್ಮ ಕಡೀಗಿ ಕಳಿ ಅಂದ್ರ ಬ್ಯಾರೆ.”

“ನಮ್ಮ ಕಡೀಗೂ ಬ್ಯಾರೇನರಿ,” ಎಂದರು ಹುಡುಗಿಯ ತಂದೆ, ಬಹಳ ಮರ್ಯಾದೆಯಿಂದ. “ಕಳಿ ಅಂದ್ರ ಹೊಲದಾಗಿನ ಕಸಾ. ಆಳ ಹಚ್ಚಿ ಕೀಳಸ್ತೀವಿ.”

“ಯಾರನ್ನ ಕೀಳಸ್ತೀರಿ? ನಮ್ಮ ಹುಡುಗನ್ನ ಕಸಾ ಅಂತೀರೇನು?” ಮಾವ ರುಮಾಲು ಸರಿಪಡಿಸಿಕೊಂಡು ಎದ್ದೇ ನಿಂತ.

ನಾಲ್ಕು ಜನ, ಒಂದು ಶಬ್ದ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅರ್ಥ. ನಡುವೆ ನಾನು, ಬಲಗೈಯಲ್ಲಿ ಹೂವು ಹಿಡಿದು ನಿಂತಿದ್ದೆ. ಹೂವು ಮಾತ್ರ ಎಳ್ಳಷ್ಟೂ ಬಾಡಿರಲಿಲ್ಲ.

ಆಗ ಅಡಿಗೆಮನೆಯ ಬಾಗಿಲಿನಿಂದ ನಗು ಕೇಳಿತು. ಹೆಣ್ಣನ್ನು ಕರೆತರುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಹೆಣ್ಣು ತಾನೇ ಬಂದಿತ್ತು.

“ಹೂವು ಬಂದು ಇನ್ನಾ ಒಂದ ಗಳಿಗಿ ಆಗಿಲ್ಲ,” ಎಂದಳು. “ಅತ್ತಿ ಹೇಳಿದ ಕೆಲಸಾ ಆಗಲೇ ಮಾಡಿ ಮುಗಿಸೇದ.”

ಅವಳು ಬಂದು ನನ್ನ ಕೈಯಿಂದ ಹೂವು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಗಿರಣಿಯಲ್ಲಿ ನಾವು ನೂಲಿನ ಬಣ್ಣ ನೋಡುವುದೂ ಹಾಗೆಯೇ, ಮೊದಲು ಬಾಗಿಲ ಬೆಳಕಿಗೆ, ಆಮೇಲೆ ನೆರಳಿಗೆ. ಅವಳೂ ನೆರಳಿಗೆ ತಂದು ಇನ್ನೊಮ್ಮೆ ನೋಡಿದಳು.

“ಇದು ಇವತ್ತಿಂದೋ, ನಿನ್ನಿದೋ?”

ಯಾರನ್ನು ಕೇಳಿದಳೆಂದು ಯಾರಿಗೂ ಗೊತ್ತಾಗಲಿಲ್ಲ. ವರನನ್ನು ಕನ್ಯೆ ನೇರವಾಗಿ ಮಾತಾಡಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಅತ್ತಿ ಅದನ್ನು ಕೇಳಿಯೇ ಇಲ್ಲವೆಂಬಂತೆ ಕುಳಿತಳು. ನಾನು ಉತ್ತರ ಕೊಟ್ಟೆ. ಅಲ್ಲಿಯವರೆಗಿನ ನನ್ನ ವರಜೀವನದ ಅತ್ಯಂತ ದೀರ್ಘ ಭಾಷಣ ಅದು, ಮತ್ತು ಪುಣ್ಯಕ್ಕೆ ಕನ್ನಡದಲ್ಲಿತ್ತು.

“ನಿನ್ನಿದರಿ. ಬುಡಕ್ಕ ಇನ್ನಾ ಹಳದಿ ಅದ ನೋಡ್ರಿ. ಇವತ್ತ ಅರಳಿದ್ದಾಗಿದ್ರ ಪೂರಾ ಹಳದಿ ಇರ್ತಿತ್ತು. ಗಿಡದಾಗ ಬಿಟ್ಟಿದ್ರ ನಾಳಿಗಿ ಪೂರಾ ಕೆಂಪ ಆಗ್ತಿತ್ತು. ಮ್ಯಾಲ ಹಚ್ಚಿದ ಬಣ್ಣ ಅಲ್ಲರಿ ಅದು, ಒಳಗಿಂದ ಬರೂದು. ಅದಕ್ಕ ಎಷ್ಟ ಮಳಿ ಬಿದ್ರೂ ಇಳಿಯೂದಿಲ್ಲ.”

ಅವಳು 'ಹೌದೇನು' ಎನ್ನುವಂತೆ ಇನ್ನೊಂದು ಸಲ ಹೂವಿನ ಬುಡ ನೋಡಿ, ತಂಬಿಗೆಯಲ್ಲಿ ನೀರು ತಂದು, ಹೂವು ಇಟ್ಟು, ತಂಬಿಗೆಯನ್ನು ಹೊಸ್ತಿಲಾಚೆ ಕಟ್ಟೆಯ ಮೇಲೆ ಇಟ್ಟಳು. “ಒಳಗ ಬ್ಯಾಡ ಅಂದ್ರ ಹೊರಗ ಇರ್ಲಿ,” ಎಂದು ಒಳಗೆ ಹೋದಳು. ಹೆಣ್ಣು ನೋಡುವ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಅತ್ತಿಯ ತೀರ್ಪು ಸ್ಪಷ್ಟವಾಗಿತ್ತು: ಕಳ ಹಚ್ಚುವ ಅಳಿಯ ಬೇಡ. ಹುಡುಗಿಯ ತಂದೆ ತಮ್ಮ ತಾಯಿಯ ಮುಖ ನೋಡಿದರು. ಆಯಿ ಇಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದಳು.

“ಹೂವ ಹರಕೊಂಡ ಬರೂದು ಯಾರರ ಮಾಡ್ತಾರ,” ಎಂದಳು. “ನಮ್ಮ ಮನ್ಯಾಗಿನ ಗಡ್ಡಿ ಒಣಗಿ ಬೆಂಡಾಗೇದ. ಹೆಣ್ಮಕ್ಕಳಿದ್ದ ಮನಿ, ಗಡ್ಡಿ ಬೇಕು. ಈಗ ಅಗದ್ರ ಉಪಯೋಗಿಲ್ಲ, ಬಳ್ಳಿ ಸತ್ತ ಮ್ಯಾಲ ಅಗೀಬೇಕು. ಎಳ್ಳಮಾಸಿಗಿ ನಮ್ಮ ಹೊಲಕ್ಕ ಊಟಕ್ಕ ಬರ್ರಿ, ಗಡ್ಡಿ ತಗೊಂಡ ಬರ್ರಿ. ಹೆಂಗ ತರ್ತೀರಿ ನೋಡಿ ಮುಂದಿನ ಮಾತು.”

ಆ ಗಡ್ಡೆ ತೇದು ಹಚ್ಚಿದರೆ ಹೆರಿಗೆ ಹಗುರಾಗುತ್ತದೆಯೋ ಇಲ್ಲವೋ ನಾನು ಹೇಳಲಾರೆ; ಅದು ನನ್ನ ಖಾತೆಯಲ್ಲ. ಆದರೆ ಆ ಮುದುಕಿಯ ಮಾತಿಗೆ ಆ ಮನೆಯಲ್ಲಿ ಮೇಲ್ಮನವಿ ಇಲ್ಲ ಎಂಬುದು ಮಾತ್ರ ಮಗ ತಲೆ ತಗ್ಗಿಸಿದ ರೀತಿಯಿಂದಲೇ ತಿಳಿಯಿತು.

ತಿರುಗಿ ಬರುವಾಗ ಮಾವ ಆ ವಾಕ್ಯಕ್ಕೆ ಭಾಷ್ಯ ಬರೆದ. “ಹೆಂಗ ತರ್ತೀರಿ ಅಂದ್ರ ಏನ ಅರ್ಥ? ಇಡೀ ತರಬೇಕು ಅಂತ. ಅದು ಎರಡ ಕೈ ಇರೂ ಗಡ್ಡಿ, ನೇಗಿಲದ ಆಕಾರ. ಒಂದ ಗೀರ ಬಿದ್ರೂ ಹುಡುಗಿ ಹೋದಂಗ. ತಿಳೀತಿಲ್ಲೋ?”

ತಿಳಿಯಿತು. ಮೊದಲಿನ ಮೂರು ಮನೆಯವರು ಒಲ್ಲೆ ಎಂದಾಗ ನನಗೆ ಅವಮಾನವಾಗಿತ್ತು, ಅಷ್ಟೆ. ಈ ಮನೆಯವರು ಒಲ್ಲೆ ಎಂದರೆ ಒಬ್ಬ ಹೆಣ್ಣುಮಗಳನ್ನೇ ಕಳೆದುಕೊಂಡ ಹಾಗಾಗುತ್ತದೆ ಎಂದು ಗಿರಣಿಯ ಹಬೆಯಲ್ಲಿ ನಿಂತು ನಾಲ್ಕು ತಿಂಗಳು ಯೋಚಿಸಿದೆ. ಬಣ್ಣವನ್ನು ನೆರಳಿಗೆ ತಂದು ನೋಡುವ ಹೆಂಗಸು ಸೊಲ್ಲಾಪುರದ ಯಾವ ಓಣಿಯಲ್ಲಿಯೂ ಸಿಗಲಾರಳು ಎಂದು ನನಗೆ ಖಾತ್ರಿಯಾಗಿತ್ತು.

ಎಳ್ಳಮವಾಸ್ಯೆಯ ಮುಂಜಾನೆ ಮಾವನನ್ನು ಅದೇ ಟಾಂಗಾದಲ್ಲಿ ಮುಂದೆ ಕಳಿಸಿ, ನಾನು ಮಾಳದಲ್ಲಿ ಇಳಿದೆ. ಕೈಯಲ್ಲಿ ಬಣ್ಣದ ತೊಟ್ಟಿ ಕೆರೆಯುವ ಕಬ್ಬಿಣದ ಪಟ್ಟಿ. ಇಳಿದು ನೋಡಿದರೆ ಏನೂ ಇಲ್ಲ. ಶ್ರಾವಣದಲ್ಲಿ ಅಷ್ಟು ದೊಡ್ಡ ದರ್ಬಾರು ನಡೆಸಿದ ಬಳ್ಳಿ, ಒಂದು ಒಣಕಡ್ಡಿಯ ಗುರುತನ್ನೂ ಬಿಡದೆ ಎದ್ದುಹೋಗಿತ್ತು. ಜಾಲಿಯ ಕಂಟಿಗಳನ್ನು ಅರ್ಧಕ್ಕರ್ಧ ಜನ ಬೇಲಿಗೆಂದು ಕಡಿದುಕೊಂಡು ಹೋಗಿದ್ದರು. ಉಳಿದವು ಒಂದರ ಹಾಗೆ ಇನ್ನೊಂದಿದ್ದವು. ಹೂವಿದ್ದಾಗ ಕಣ್ಣು ಕುಕ್ಕುವಂತಿದ್ದದ್ದಕ್ಕೆ ಗುರುತು ಇಡಬೇಕೆಂದು ಯಾರಿಗೆ ಹೊಳೆಯುತ್ತದೆ? ಮೂರು ಕಡೆ ಅಗೆದು ಮೂರು ಕಡೆಯೂ ಕಲ್ಲು ಕಂಡ ಮೇಲೆ, ದೂರದಿಂದ ಅದೇ ಕುರುಬ ಕುರಿಗಳನ್ನು ಅಟ್ಟಿಕೊಂಡು ಬರುತ್ತಿರುವುದು ಕಂಡಿತು.

“ಹೂವಿದ್ದಾಗ ಎಲ್ಲಾರೂ ಬರ್ತಾರ್ರಿ,” ಎಂದ ನನ್ನ ಸಮಾಚಾರ ಕೇಳಿ. “ಹೂ ಹೋದ ಮ್ಯಾಲ ಬಂದಾವರು ನೀವ ಮೊದಲ. ನನಗೇನ ಕೇಳ್ತೀರಿ? ಕುರಿಗಿ ಕೇಳ್ರಿ.”

“ಕುರಿ ಹೇಳ್ತಾವೇನಪಾ?”

“ತಡೀರಿ, ಮೇಯ್ಲಿ.”

ಕುರಿಗಳು ಮೇಯ್ದವು. ಒಣಹುಲ್ಲನ್ನು ನೆಲಕ್ಕೆ ಸಮ ಕತ್ತರಿಸುತ್ತ ಮುಂದೆ ಹೋದವು. ಅವು ದಾಟಿಹೋದ ಮೇಲೆ ನೋಡಿದರೆ, ಒಂದು ಕಂಟಿಯ ಬುಡದಲ್ಲಿ ಗೇಣಗಲದಷ್ಟು ಹುಲ್ಲು ಹಾಗೇ ನಿಂತಿತ್ತು. ಬಳ್ಳಿ ಹೋಗಿ ಎಷ್ಟೋ ದಿನವಾಗಿದ್ದರೂ ಕುರಿಗಳಿಗೆ ಅದರ ವಿಳಾಸ ಮರೆತಿರಲಿಲ್ಲ. ಆ ಹೊತ್ತು ಆ ಪ್ರಾಣಿಗಳ ಬಗ್ಗೆ ನನಗೆ ಹುಟ್ಟಿದ ಗೌರವ ಈವರೆಗೂ ಇಳಿದಿಲ್ಲ.

ಅಲ್ಲಿ ಅಗೆದೆ. ಮೊರಂ ಮಣ್ಣು ಪಟ್ಟಿಯನ್ನು ಬಾಗಿಸಿತು, ನಾನು ಬಿಡಲಿಲ್ಲ. ಕಡೆಗೆ ಮಣ್ಣಿನೊಳಗಿಂದ ಗಡ್ಡೆಯ ಒಂದು ಕೈ ಕಂಡಿತು: ಕಂದು ಬಣ್ಣ, ಬೆರಳ ಗಾತ್ರ, ಮಾವ ಹೇಳಿದಂತೆಯೇ ನೇಗಿಲಿನ ಬಾಗು. ಇನ್ನೊಂದು ಕೈ ಒಂದು ಬಂಡೆಯ ಕೆಳಗೆ ಹೋಗಿತ್ತು. ಬಂಡೆ ಎಮ್ಮೆಯಷ್ಟಿತ್ತು. ಎಂಟು ತಿಂಗಳು ನೀರಿಲ್ಲದ ಕಲ್ಲಿನಲ್ಲಿ ಇಷ್ಟು ಸಣ್ಣ ಬೇರು ಇಡೀ ಒಂದು ಮಳೆಗಾಲವನ್ನು ಬಚ್ಚಿಟ್ಟುಕೊಂಡು ಮಲಗಿರುತ್ತದೆ ಎಂದು ಬೆರಗಾಗುತ್ತಲೇ ಮಣ್ಣು ಬಿಡಿಸಿದೆ, ಉಸಿರು ಹಿಡಿದು ಎಳೆದೆ. ಟಕ್ ಎಂದಿತು.

“ಮುರೀತರಿ,” ಎಂದ ಕುರುಬ.

“ನನಗೂ ಕಾಣತದಪಾ.”

ಅರ್ಧ ನನ್ನ ಕೈಯಲ್ಲಿ, ಅರ್ಧ ಬಂಡೆಯ ಕೆಳಗೆ. ಎಷ್ಟು ಕೆದಕಿದರೂ ಅದು ಬರಲಿಲ್ಲ. ಬಿಸಿಲೇರುತ್ತಿತ್ತು. ತೆರೆದ ಗುಂಡಿಯಲ್ಲಿ ಆ ಅರ್ಧವೂ ಒಣಗಿ ಸತ್ತರೆ ನನ್ನ ಪಾಲಿಗೆ ಎರಡು ಪಾಪವಾದೀತೆಂದು ಮಣ್ಣು ತುಂಬಿ, ಕಾಲಿನಿಂದ ಒತ್ತಿ, ಹುಲ್ಲು ಮುಚ್ಚಿ, ಮುರಿದ ತುಂಡನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಒಂದೆರಡು ಸುಳ್ಳುಗಳನ್ನು ಕಟ್ಟಿ ನೋಡಿದೆ. ಯಾವುದೂ ನಿಲ್ಲಲಿಲ್ಲ.

ಹೊಲದಲ್ಲಿ ಜೋಳ ಎದೆಯುದ್ದ ನಿಂತಿತ್ತು. ಬನ್ನಿಯ ಗಿಡದ ಬುಡದಲ್ಲಿ ಪೂಜೆ ಮುಗಿದಿತ್ತು. ಬುತ್ತಿ ಬಿಚ್ಚಿ ಸಜ್ಜೆಯ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಎಲ್ಲ ಸಾಲಾಗಿ ಇಟ್ಟಿದ್ದರು. ಮಾವ ಎಲ್ಲರಿಗಿಂತ ಮುಂದೆ ಕುಳಿತಿದ್ದ. ನಾನು ಆಯಿಯ ಮುಂದೆ ನಿಂತು ಕಿಸೆಯಿಂದ ತುಂಡು ತೆಗೆದು ಕೊಟ್ಟೆ. ಮಾವ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ.

ಆಯಿ ಮುರಿದ ಬದಿಯನ್ನು ಹೆಬ್ಬೆರಳಿನಿಂದ ಸವರಿದಳು. “ಇನ್ನೊಂದ ಕೈ ಎಲ್ಲಿ?”

“ಬಂಡೀ ಕೆಳಗ ಉಳೀತ್ರಿ. ಬಿಡಿಸಾಕ ಹೋಗಿ ಮುರಿದ್ನಿ.”

“ತೆರದ ಬಿಟ್ಟ ಬಂದೀಯೇನು?”

“ಇಲ್ಲರಿ. ಮಣ್ಣ ಮುಚ್ಚಿ ಬಂದೀನಿ.”

ಆಯಿ ಮಗನ ಕಡೆಗೆ ತಿರುಗಿದಳು. “ಕೇಳಿದೇನು? ಮನೀಗಿ ಒಂದ ಕೈ, ನೆಲಕ್ಕ ಒಂದ ಕೈ ಅಂತ ಬಡಕೊಂಡ್ರೂ ನೀ ಇಡೀ ಕಿತ್ತ ತಂದಿದ್ದಿ. ಆ ಜಾಗಾದಾಗ ಆಮ್ಯಾಲ ಒಂದರ ಹೂ ಬಂತೇನು? ಈ ಹುಡುಗಗ ಯಾರೂ ಹೇಳಿದ್ದಿಲ್ಲ.”

“ನಾನ ಹೇಳಿ ಕಳಿಸಿದ್ನಿರಿ, ಒಂದ ಕೈ ಬಿಟ್ಟ ಬಾ ಅಂತ,” ಎಂದ ಮಾವ, ಕಣ್ಣು ತೆರೆದು, ಕಿಂಚಿತ್ತೂ ನಾಚಿಕೆಯಿಲ್ಲದೆ.

“ಅರ್ಧಾ ಗಡ್ಡಿ ಬಂತಂದ್ರ ಅರ್ಧಾ ಜಗಳಾ ಬಂದಂಗಾತು,” ಎಂದಳು ಅತ್ತಿ. ಆದರೆ ಮಾತಿನಲ್ಲಿ ಶ್ರಾವಣದ ಖಾರವಿರಲಿಲ್ಲ.

ಆಯಿ ಗಡ್ಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ, ನಿತ್ಯದ ಮಾತಾಡುವವಳಂತೆ, “ಅಳ್ಯಾಗ ಎಡಿ ಮಾಡ್ರಿ, ಹಸದಿರ್ತಾನ,” ಎಂದಳು.

ಹುಡುಗಿಯ ತಂದೆ ನಕ್ಕರು. ಮಾವ ರುಮಾಲು ತೆಗೆದು ಮತ್ತೆ ಇಟ್ಟುಕೊಂಡ. ನನಗೆ ಅಳಿಯ ಎಂಬ ಆ ಶಬ್ದ ಕೇಳಿದ್ದು ಖರೆಯೇ ಎಂದು ಇನ್ನೊಮ್ಮೆ ಕೇಳಬೇಕೆನ್ನಿಸಿತು, ಕೇಳುವ ಧೈರ್ಯವಾಗಲಿಲ್ಲ. ಮುಂದೆ ಬಂದ ರೊಟ್ಟಿಗೆ ಕೈ ಹಾಕಿದೆ.

“ತಡೀರಿ!”

ಅವಳು ನೀರಿನ ಬಿಂದಿಗೆ ಹಿಡಿದು ಹಿಂದೆ ನಿಂತಿದ್ದಳು. “ಇಸದ ಗಡ್ಡಿ ಹಿಡದ ಕೈ ಅದು. ಮೊದಲ ತೊಳಕೋರಿ.”

ಎದ್ದು ಜೋಳದ ಸಾಲಿನ ಅಂಚಿಗೆ ಹೋಗಿ ಕೈ ಚಾಚಿದೆ. ಅವಳು ನೀರು ಹಾಕಿದಳು, ನಾನು ತೊಳೆದೆ. ಬಗ್ಗಿ ನನ್ನ ಉಗುರುಗಳನ್ನು ನೋಡಿ, “ಇನ್ನೊಮ್ಮಿ” ಎಂದಳು. ಇನ್ನೊಮ್ಮೆ ತೊಳೆದೆ.